ಪಾನಾ ಹೋಗದ ಬೋಲ್ಟು

ವಿದ್ಯಾರ್ಥಿಗಳು ಪಾಠ ಬಿಟ್ಟು ಆರು ತಿಂಗಳು ಕಾರ್ಖಾನೆಯಲ್ಲಿ ದುಡಿಯುವುದು ಬರೀ ಕಾಲಹರಣವೆಂದು ಪ್ರೊಫೆಸರರ ವಾದ. ಅದನ್ನು ಸಾಬೀತು ಮಾಡಲೆಂದೇ ಅವರು ಹುಬ್ಬಳ್ಳಿಯ ಪಂಪ್ ಕಾರ್ಖಾನೆಗೆ, ಅಲ್ಲಿ ದುಡಿಯುತ್ತಿದ್ದ ತಮ್ಮ ವಿದ್ಯಾರ್ಥಿನಿಯ ಕೆಲಸದ ತಪಾಸಣೆಗೆ ಬಂದರು.

"ಏನ್ ಕಲ್ತಾಳ್ರಿ ನಮ್ಮ ಹುಡುಗಿ?"

ಮೇಸ್ತ್ರಿ ಪಂಪಿನ ನಕ್ಷೆಯೊಂದನ್ನು ಹರಡಿ, ಕೈಯಲ್ಲಿದ್ದ, ಬೋಲ್ಟು ಬಿಗಿಯುವ ಪಾನಾದಿಂದಲೇ ತೋರಿಸಿದ. "ನಿಮ್ಮ ಕಾಲೇಜಿಂದ ಬಂದ ನಕ್ಷಾರೀ ಸರ. ಈ ಬೋಲ್ಟಿಗೆ ಪಾನಾನ ಹೋಗಂಗಿಲ್ಲ, ಬಿಗಿ ಮಾಡೋದು ಹ್ಯಾಂಗ? ಬಂದ ಮೂರನೇ ದಿನಾನ ಈ ತಪ್ಪು ಹಿಡದಾಳ ನಿಮ್ಮ ಹುಡುಗಿ!"

ಪ್ರೊಫೆಸರರ ಹಿಂದೆ ನಿಂತಿದ್ದ ಹುಡುಗಿ ಅವನಿಗೆ ಬೇಡವೆಂದು ಕಣ್ಸನ್ನೆ ಮಾಡುತ್ತಲೇ ಇದ್ದಳು. ಅವನು ನೋಡಲಿಲ್ಲ.

"ಈ ನಕ್ಷಾ ತಗದಾಂವನ್ನೂ ಆರು ತಿಂಗಳ ನಮ್ಮ ಕಡೆ ಕಳಸ್ರಿ ಸರ. ಪಾನಾ ಹಿಡಿಯೋದು ಕಲಸ್ತೀವಿ."

ಪ್ರೊಫೆಸರರು ನಕ್ಷೆಯ ಮೂಲೆಯ ಸಹಿಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಮುಚ್ಚಿದರು.

"ಸೋಮವಾರದಿಂದ ಬರ್ತೇನ್ರಿ," ಎಂದರು.