ಶ್ವಾಸಕೋಶದ ಹೊಸ ಬ್ರಾಂಚು

ಅಂಗಾಂಗಗಳಿಗೆ ಮಾತು ಬಂದ ಮೇಲೆ ಇಡೀ ಹುಬ್ಬಳ್ಳಿಯಲ್ಲಿ ನನ್ನ ಶ್ವಾಸಕೋಶದಷ್ಟು ಹೆಸರು ಮಾಡಿದ್ದು ಇನ್ನೊಂದಿಲ್ಲ. ಅದಕ್ಕಿರುವುದು ಸಣ್ಣ ಸಣ್ಣ ಗಂಟು ಕಟ್ಟುವ ಸಾರ್ಕೊಯಿಡೋಸಿಸ್ ಎಂಬ ಅಪರೂಪದ ಕಾಯಿಲೆ. ಆ ಗಂಟುಗಳ ವರ್ಣನೆಯನ್ನು ಅದರ ಬಾಯಿಂದಲೇ ಕೇಳಲು ಏಳು ಜಿಲ್ಲೆಗಳ ಡಾಕ್ಟರುಗಳು ಬಸ್ಸು ಮಾಡಿಕೊಂಡು ಬರುತ್ತಿದ್ದರು. ಆದರೆ ಒಂದೇ ಪಂಕ್ತಿಯಲ್ಲಿ ನಲವತ್ತು ಹೋಳಿಗೆ ಕರಗಿಸಿದ್ದ ನನಗೆ ಈಗ ನಾಲ್ಕು ಚಮಚ ಗಂಜಿಯೂ ದಕ್ಕುತ್ತಿರಲಿಲ್ಲ.

ಅವತ್ತೂ ಆಸ್ಪತ್ರೆಯಲ್ಲಿ ಶ್ವಾಸಕೋಶ ತನ್ನ ಗಂಟುಗಳ ವರ್ಣನೆಯಲ್ಲಿದ್ದಾಗ ನನ್ನ ಹೊಟ್ಟೆ, "ಭಾಳ ನೋವೈತ್ರೀ ಡಾಕ್ಟ್ರ" ಎಂದು ನರಳಿತು.

"ಏ, ಸುಮ್ನಿರು! ದೊಡ್ಡೋರು ಮಾತಾಡಾಕತ್ತಾರ. ನಿಂದು ಬರೇ ಗ್ಯಾಸು" ಎಂದು ಡಾಕ್ಟರ್ ಕಲಘಟಗಿ ಗದರಿದರು.

ನನ್ನ ಹೆಂಡತಿ ನೀಲವ್ವ ಅವರ ಸ್ಟೆತಾಸ್ಕೋಪು ಎಳೆದು ನನ್ನ ಹೊಟ್ಟೆಗೆ ಒತ್ತಿದಳು. "ಎರಡು ತಿಂಗಳದಾಗ ಹದಿನೆಂಟು ಕೇಜಿ ಇಳದಾರ್ರೀ. ಒಮ್ಮೆರ ಕೇಳ್ರಿ!"

ಹೊಟ್ಟೆ ಬಾಯಿ ತೆರೆಯುವಷ್ಟರಲ್ಲಿ ಶ್ವಾಸಕೋಶವೇ ಕೆಮ್ಮಿ ಬೀಗಿತು: "ಅದನ್ನೇನು ಕೇಳ್ತೀರಿ? ಅಲ್ಲಿರೋ ಗಂಟೂ ನಮ್ಮವ. ಬ್ರಾಂಚ್ ತಗದೇವಿ."

ಕಲಘಟಗಿಯವರ ಮುಖ ಬಿಳಿಚಿತು. ಅವರು ಕುರ್ಚಿ ಎಳೆದುಕೊಂಡು ನನ್ನ ಹೊಟ್ಟೆಯ ಮುಂದೆ ಕೂತು, ಕೈಮುಗಿದು ಕೇಳಿದರು:

"ಹೇಳ್ರೀ ಸಾಹೇಬ್ರ, ಯಾವಾಗಿಂದ ನೋವು?"