ಹೋಗದ ಐಕಾನು

ಮಗಳು ಒಂದು ಮಾತೂ ಹೇಳದೆ ಮನೆ ಬಿಟ್ಟು ಹೋಗಿ ಎಂಟು ತಿಂಗಳು. ಅವಳ ಕೋಣೆಯ ಕಂಪ್ಯೂಟರನ್ನು ಈಗ ನಾನು ಬಳಸುತ್ತೇನೆ. ಅವಳು ಪರದೆಯ ಕೆಳಮೂಲೆಯಲ್ಲಿ ತುಂಬಿಟ್ಟಿದ್ದ ಐಕಾನುಗಳು ಕಣ್ಣಿಗೆ ಚುಚ್ಚುತ್ತಿದ್ದವು. ತೆಗೆಸಿಬಿಡೋಣವೆಂದು ರಿಪೇರಿಯವನನ್ನು ಕರೆಸಿದೆ.

ಒಂದೊಂದಾಗಿ ಎಲ್ಲ ತೆಗೆದ. ಪ್ರಿಂಟರಿನ ಪುಟ್ಟ ಚಿತ್ರ ಮಾತ್ರ ಹೋಗಲಿಲ್ಲ.

“ಅದು ಹಾಗೇ ಕಣ್ರೀ. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ದೆವ್ವದ ಹಾಗೆ ಬಂದು ಕೂರುತ್ತೆ,” ಎಂದೆ.

“ಯಾರೋ ಒಂದು ಪುಟ ಪ್ರಿಂಟ್ ಕೊಟ್ಟಿದ್ದಾರೆ ಸಾರ್. ಅದು ಹೊರಗೆ ಬರೋವರೆಗೂ ಇದು ಕಾಯ್ತಾನೇ ಇರುತ್ತೆ. ಪ್ರಿಂಟರ್ ಎಲ್ಲಿದೆ?”

“ಹಾಲ್‌ನಲ್ಲಿ, ನನ್ನ ಮೇಜಿನ ಮೇಲೆ. ಬೇಡದ ಸ್ವಿಚ್ಚೆಲ್ಲ ಆರಿಸೋದು ನನ್ನ ಅಭ್ಯಾಸ. ಮಗಳು ಹೋದ ದಿನ ಬೆಳಿಗ್ಗೆ ಆರಿಸಿದ್ದು, ಮತ್ತೆ ಹಾಕೇ ಇಲ್ಲ.”

“ಒಂದು ಸಲ ಹಾಕಿ.”

ಹೋಗಿ ಹಾಕಿದೆ. ಅದು ಗೊರಗೊರ ಸದ್ದು ಮಾಡಿ ಒಂದು ಹಾಳೆಯನ್ನು ಹೊರಗೆ ತಳ್ಳಿತು.

‘ಅಪ್ಪಾ, ಎದುರಿಗೆ ನಿಂತು ಹೇಳೋಕೆ ಧೈರ್ಯ ಸಾಲದೆ ಇದನ್ನು ನಿನ್ನ ಮೇಜಿಗೆ ಕಳಿಸ್ತಿದ್ದೀನಿ. ಇವತ್ತು ಸಂಜೆ ಆರರವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿರ್ತೀನಿ. ನೀನು ಬಂದು ಕರೆದರೆ ಮನೆಗೆ ಬರ್ತೀನಿ.’