ಮೂರನೇ ದಿನದ ಪ್ರಾಕ್ಟಿಕಲ್

ಕೋರ್ಸು ಸೇರಿದ ಮೂರನೇ ದಿನಕ್ಕೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ‘ಪ್ರಾಕ್ಟಿಕಲ್’ ಅಂದರೆ ಯಾರಿಗಾದರೂ ಅನುಮಾನ ಬರಬೇಕು. ವರಲಕ್ಷ್ಮಿಗೆ ಬಂತೋ ಇಲ್ಲವೋ, ತಗ್ಗಿಸಿದ ಮುಖ ನೋಡಿ ಹೇಳುವಂತಿರಲಿಲ್ಲ.

ಬಿ.ಎ. ಮುಗಿದ ಮೇಲೆ ಅವಳು ಒಳ್ಳೆಯ ಪ್ಯಾರಾಲೀಗಲ್ ತರಬೇತಿಗಾಗಿ, ಅಂದರೆ ವಕೀಲರ ಕೈಕೆಳಗೆ ಕಾಗದಪತ್ರ ತಯಾರಿಸುವ ಕೆಲಸ ಕಲಿಯಲು, ಜಿಲ್ಲೆಯನ್ನೆಲ್ಲ ಸುತ್ತಿದ್ದಳು. ಡೈರಿಯಲ್ಲಿ ಟಿಪ್ಪಣಿಯೂ ಇತ್ತು: ‘ಚಿಂತಾಮಣಿ: ಪುಸ್ತಕ ಕೊಡ್ತಾರೆ, ಪಾಠ ಇಲ್ಲ. ಚಿಕ್ಕಬಳ್ಳಾಪುರ: ಪಾಠ ಇದೆ, ಪ್ರಾಕ್ಟಿಕಲ್ ಇಲ್ಲ. ಶಿಡ್ಲಘಟ್ಟ: ಬೋರ್ಡು ಮಾತ್ರ ಇದೆ.’

ತಂಗಿ ಯಾವ ಡಿಗ್ರಿ ಓದಿದಳೆಂದೇ ಗೊತ್ತಿಲ್ಲದ ಅಣ್ಣ ಗಂಗಾಧರ್ ಇದ್ದಕ್ಕಿದ್ದಂತೆ ಗೌರಿಬಿದನೂರಿನಲ್ಲಿ ಒಂದು ಕೋರ್ಸು ಹುಡುಕಿ, ಫೀಸನ್ನೂ ತಾನೇ ಕಟ್ಟಿದ. ಮೇಷ್ಟ್ರು ಅವನ ಸ್ನೇಹಿತ ಮೋಹನ್‌ಬಾಬು, ಪತ್ರ ಬರಹಗಾರರು. ವಿದ್ಯಾರ್ಥಿನಿ ಇವಳೊಬ್ಬಳೇ. ಕುಡುಮಲಕುಂಟೆಯ ಫ್ಯಾಕ್ಟರಿಗಳ ಪಕ್ಕ ಅಪ್ಪ ಬಿಟ್ಟುಹೋದ ಎರಡೆಕರೆ ಅಣ್ಣ ತಂಗಿಯರ ಜಂಟಿ ಖಾತೆಯಲ್ಲಿತ್ತು. ಅದಕ್ಕೆ ಆ ತಿಂಗಳೇ ಗಿರಾಕಿ ಬಂದದ್ದು ಕಾಕತಾಳೀಯ ಅಂತಲೇ ಇಟ್ಟುಕೊಳ್ಳೋಣ.

ಮೊದಲ ಪಾಠ, ಹಕ್ಕು ಬಿಡುಗಡೆ ಪತ್ರ: ತಂಗಿ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವುದು. ಸ್ವಂತ ಹೆಸರು, ಸ್ವಂತ ಸರ್ವೆ ನಂಬರ್ ಹಾಕಿದರೇ ಪಾಠ ತಲೆಗೆ ಹತ್ತುವುದು ಎಂದರು ಮೇಷ್ಟ್ರು. ಟೈಪ್ ಮಾಡುವುದು, ಆನ್‌ಲೈನ್ ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದು, ಎಲ್ಲವೂ ತರಬೇತಿಯೇ ಅಂತ ಅವಳಿಗೆ ವಹಿಸಿ ಟೀಗೆ ಹೋದರು. ಬಂದು ಪುಟ ಎಣಿಸಿ, “ಭೇಷ್ ಕಣಮ್ಮ,” ಅಂದರು.

ಅಭ್ಯಾಸಕ್ಕೆ ಇನ್ನೊಂದು ಪಾರ್ಟಿ ಬೇಕಲ್ಲ ಅಂತ ಕಚೇರಿಗೆ ಅಣ್ಣನೇ ಬಂದ.

“ಇಬ್ಬರೂ ಓದಿದೀರಾ?” ಅಧಿಕಾರಿ ಕೇಳಿದರು.

“ಎರಡು ಸಲ ಓದಿದೀನಿ ಸಾರ್,” ಅಂದಳು ವರಲಕ್ಷ್ಮಿ, ನೆಲ ನೋಡುತ್ತ.

ಗಂಗಾಧರ್ ನಕ್ಕ. “ಓದ್ತಾ ಕೂರಕ್ಕೆ ನಾನೇನು ಪ್ಯಾರಾಲೀಗಲ್ಲಾ ಸಾರ್? ನಮ್ಮದೆಲ್ಲ ಒಪ್ಪಿಗೆ. ಸೈನ್ ಎಲ್ಲಿ ಹಾಕಬೇಕು ಹೇಳಿ.”

ಪ್ರತಿ ಪುಟಕ್ಕೂ ಸೈನು. ಹೆಬ್ಬೆಟ್ಟು, ಫೋಟೊ. ಪತ್ರದ ಕವರನ್ನು ಬಿಚ್ಚದೆಯೇ ಗಾಡಿಯ ಡಿಕ್ಕಿಯೊಳಗೆ ಹಾಕಿ ಬೀಗ ಹಾಕಿದ. ಆಮೇಲೆ ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ತಂಗಿಗೆ ಮಸಾಲೆ ದೋಸೆ ಕೊಡಿಸಿದ.

“ಸಂಕೋಚ ಬೇಡ ಕಣಮ್ಮ, ತಿನ್ನು.”

ಅವಳು ಸಂಕೋಚಪಡದೆ ಇನ್ನೊಂದು ದೋಸೆ ಹೇಳಿದಳು. ಅಣ್ಣ ಕೈ ತೊಳೆಯಲು ಎದ್ದಾಗ ಡೈರಿ ತೆಗೆದಳು.

‘ಗೌರಿಬಿದನೂರು: ಪ್ರಾಕ್ಟಿಕಲ್ ಚೆನ್ನಾಗಿದೆ. ಬಿಡುಗಡೆ ಪತ್ರದ ಬದಲು ವಿಭಾಗ ಪತ್ರ ಟೈಪ್ ಮಾಡಿದ್ದು ಮೇಷ್ಟ್ರಿಗೂ ಕಾಣಲಿಲ್ಲ. ಅಣ್ಣನಿಗೆ ಒಂದೆಕರೆ, ನನಗೆ ರಸ್ತೆ ಬದಿಯ ಒಂದೆಕರೆ.’